ಎಂಎ, ಬಿ.ಇಡಿಗೆ ಸೇರಿದರೆ ಯುವನಿಧಿ ಹಣ ಬರುತ್ತಾ? ನಿಯಮ ಹೀಗಿದೆ

ಡಿಗ್ರಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿರುವ ಹುಡುಗರು ಈಗ ಎಂಎ, ಎಂ.ಕಾಂ, ಬಿ.ಇಡಿ ಅಂತ ಅಡ್ಮಿಷನ್‌ಗೆ ಓಡಾಡುತ್ತಿದ್ದಾರೆ. ಯುವನಿಧಿ ಹಣ ಬರುತ್ತಿದ್ದರೆ ಕಾಲೇಜಿಗೆ ಸೇರಿದ ಮೇಲೂ ಬರುತ್ತಾ ಅನ್ನೋದು ಎಲ್ಲರ ಪ್ರಶ್ನೆ. ಉತ್ತರ: ಬರಲ್ಲ. ಉನ್ನತ ವ್ಯಾಸಂಗಕ್ಕೆ ದಾಖಲಾದವರು ಈ ಯೋಜನೆಗೆ ಅರ್ಹರಲ್ಲ. ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರುವವರಿಗೂ ಇದೇ ನಿಯಮ.

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕ ಯೋಜನೆ ಇದು. ಪದವೀಧರರಿಗೆ ತಿಂಗಳಿಗೆ 3000 ರೂ., ಡಿಪ್ಲೊಮಾ ಆದವರಿಗೆ 1500 ರೂ. ಕೆಲಸ ಸಿಗುವವರೆಗೆ ಅಥವಾ ಗರಿಷ್ಠ 2 ವರ್ಷ. ಅಂದರೆ ಪೂರ್ತಿ ಅವಧಿ ಸಿಕ್ಕರೆ ಪದವೀಧರರಿಗೆ 72 ಸಾವಿರ. ಮೊದಲು 2022-23ರಲ್ಲಿ ಪಾಸಾದವರಿಗೆ ಮಾತ್ರ ಇತ್ತು, ಆಮೇಲೆ 2023-24ನೇ ಸಾಲಿನವರನ್ನೂ ಸೇರಿಸಲಾಯಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು, ರಾಜ್ಯದಲ್ಲಿ ಕನಿಷ್ಠ 6 ವರ್ಷ ಓದಿರಬೇಕು.

ಈ 180 ದಿನದ ಲೆಕ್ಕದಲ್ಲೇ ಹಲವರು ಎಡವುತ್ತಾರೆ. ಆರು ತಿಂಗಳು ತುಂಬುವ ಮೊದಲೇ ಪಿಜಿ ಅಡ್ಮಿಷನ್ ಮುಗಿದಿರುತ್ತದೆ. ಸೇರಿಬಿಟ್ಟರೆ ಅರ್ಜಿ ಹಾಕುವ ಪ್ರಶ್ನೆಯೇ ಬರಲ್ಲ.

ಹಣ ಪಡೆಯುವವರು ಸೇವಾ ಸಿಂಧುವಿನಲ್ಲಿ ಆಗಾಗ ಸ್ವಯಂ ಘೋಷಣೆ ಕೊಡಬೇಕು: ಕೆಲಸ ಸಿಕ್ಕಿಲ್ಲ, ಓದು ಮುಂದುವರಿಸುತ್ತಿಲ್ಲ ಅಂತ. ಕಾಲೇಜಿಗೆ ಹೋಗುತ್ತಲೇ 'ಓದುತ್ತಿಲ್ಲ' ಎಂದು ಒತ್ತಿದರೆ ಅದು ಸುಳ್ಳು ಘೋಷಣೆ. ಪಡೆದ ಹಣ ವಾಪಸ್ ಕಟ್ಟಬೇಕಾಗಬಹುದು. ಕಾಲೇಜು ದಾಖಲಾತಿಗೂ ಆಧಾರ್ ಕೊಟ್ಟಿರುತ್ತೀರಿ, ಗೊತ್ತಾಗಲ್ಲ ಅಂದುಕೊಳ್ಳೋದು ಬೇಡ.

ಅಂಗಡಿಯವರ ಮನೆಯಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಮಗನ ಹೆಸರಲ್ಲಿ ಸ್ವಯಂ ಉದ್ಯೋಗಕ್ಕೆ ಸರ್ಕಾರಿ ಯೋಜನೆಯ ಅಥವಾ ಬ್ಯಾಂಕಿನ ಸಾಲ ತೆಗೆದಿದ್ದರೆ ಆತನಿಗೂ ಯುವನಿಧಿ ಇಲ್ಲ. ಅಪ್ರೆಂಟಿಸ್ ವೇತನ ಪಡೆಯುವವರಿಗೂ ಇಲ್ಲ.

ಹಾಗಂತ 3000 ರೂಪಾಯಿಗಾಗಿ ಸೀಟು ಬಿಡುವುದು ಜಾಣತನವಲ್ಲ. ಕಾಲೇಜಿಗೆ ಸೇರಿದವರಿಗೆ ಬೇರೆ ದಾರಿ ಇದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ಇದರಲ್ಲಿ 10 ತಿಂಗಳು ಹಣ ಸಿಗುತ್ತದೆ. ಇವೆರಡಕ್ಕೂ ಕುಟುಂಬದ ಆದಾಯ ಮಿತಿ ಇದೆ, ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ.

ಅರ್ಜಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತಾರೆ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಪಿಜಿ ಹೊತ್ತಿಗೆ ಮುಗಿದಿರುತ್ತದೆ. ಕೊನೆ ದಿನದವರೆಗೆ ಕಾಯದೆ ಈಗಲೇ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಅವತ್ತೇ ವಿಚಾರಿಸಿ ಬನ್ನಿ.