ಪ್ರವಾದಿಗಳ ಗ್ರಂಥಗಳಲ್ಲಿ ವಿಶ್ವಾಸದ್ರೋಹ: ಮುರಿದ ದಾಂಪತ್ಯದ ರೂಪಕ

ತಪಸ್ಸುಕಾಲದ ಮೂರನೆಯ ವಾರದ ಶುಕ್ರವಾರ ಮತ್ತು ಶನಿವಾರಗಳ ಬಲಿಪೂಜೆಯಲ್ಲಿ ಮೊದಲ ವಾಚನವನ್ನು ಪ್ರವಾದಿ ಹೊಶೇಯನ ಗ್ರಂಥದಿಂದ ಓದಲಾಗುತ್ತದೆ. ದೇವರನ್ನು ಬಿಟ್ಟುಹೋದ ಜನರನ್ನು ಮರಳಿ ಕರೆಯುವ ವಾಚನಗಳಿವು. ಆದರೆ ಅದೇ ಗ್ರಂಥದ ಮೊದಲ ಮೂರು ಅಧ್ಯಾಯಗಳನ್ನು ಮನೆಯಲ್ಲಿ ಕುಳಿತು ಓದಿದವರು ಬೆಚ್ಚಿಬೀಳುವುದುಂಟು. ಗಂಡನನ್ನು ತೊರೆದ ಹೆಂಡತಿ, ಹಾದರದ ಆರೋಪ, ಶಿಕ್ಷೆಯ ಬೆದರಿಕೆ, ಕೊನೆಗೆ ಹಣ ತೆತ್ತು ಅವಳನ್ನು ಮನೆಗೆ ಕರೆತರುವುದು - ಇವೆಲ್ಲ ಪವಿತ್ರ ಗ್ರಂಥದೊಳಗೆ ಏಕೆ ಬಂದವು? ದೇವರಿಗೂ ಜನರಿಗೂ ಇರುವ ಸಂಬಂಧವನ್ನು ಹೇಳಲು ಪ್ರವಾದಿಗಳು ಇಂಥ ಕಟುವಾದ ಹೋಲಿಕೆಯನ್ನೇ ಏಕೆ ಆರಿಸಿಕೊಂಡರು? ಇದನ್ನು ಅರಿಯದೆ ಓದಿದರೆ ಹೆಂಗಸರಿಗೂ ಅನ್ಯಧರ್ಮದ ನೆರೆಯವರಿಗೂ ಅನ್ಯಾಯವಾಗುವ ಅಪಾಯವಿದೆ. ಆದ್ದರಿಂದ ಈ ವಿಷಯವನ್ನು ತುಸು ವಿವರವಾಗಿ ನೋಡೋಣ.

ಒಡಂಬಡಿಕೆ ಎಂಬ ಬಂಧನ

ಇಸ್ರಯೇಲರ ವಿಶ್ವಾಸದ ತಳಹದಿ ಸೀನಾಯಿ ಬೆಟ್ಟದ ಒಡಂಬಡಿಕೆ. ದೇವರು ಅವರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿ ತಮ್ಮ ಜನರನ್ನಾಗಿ ಮಾಡಿಕೊಂಡರು. ಜನರು ಅವರೊಬ್ಬರನ್ನೇ ಆರಾಧಿಸುವುದಾಗಿ ಮಾತು ಕೊಟ್ಟರು. ಆ ಕಾಲದ ಅರಸರ ನಡುವೆಯೂ ಒಪ್ಪಂದಗಳಿದ್ದವು. ಕ್ರಿ.ಪೂ. 672ರಲ್ಲಿ ಅಸ್ಸೀರಿಯದ ಅರಸ ಎಸರ್‌ಹದ್ದೋನನು ತನ್ನ ಸಾಮಂತರಿಂದ ಪ್ರಮಾಣ ಮಾಡಿಸಿಕೊಂಡಾಗ, ತನ್ನ ಉತ್ತರಾಧಿಕಾರಿಯನ್ನು ಅವರು ತಮ್ಮ ಪ್ರಾಣದಂತೆ ಪ್ರೀತಿಸಬೇಕೆಂದು ವಿಧಿಸಿದನು. ಅಲ್ಲಿ ಪ್ರೀತಿ ಎಂದರೆ ನಿಷ್ಠೆ. ಧರ್ಮೋಪದೇಶಕಾಂಡವೂ ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸಬೇಕೆಂದು ಆಜ್ಞಾಪಿಸುತ್ತದೆ.

ಆದರೆ ಸಾಮಂತನೊಬ್ಬ ಕಪ್ಪಕಾಣಿಕೆ ನಿಲ್ಲಿಸಿದರೆ ಅರಸನಿಗೆ ಕೋಪ ಬರುತ್ತದೆಯೇ ಹೊರತು ಎದೆ ಒಡೆಯುವುದಿಲ್ಲ. ಪ್ರವಾದಿಗಳಿಗೆ ಈ ಹೋಲಿಕೆ ಸಾಲಲಿಲ್ಲ. ಅವರು ಮನೆಯೊಳಗಿನ ಒಡಂಬಡಿಕೆಯಾದ ವಿವಾಹವನ್ನು ಆರಿಸಿಕೊಂಡರು. ಹಾದರವನ್ನು ಸೂಚಿಸುವ ‘ಜಾನಾ’, ‘ನಾಆಫ್’, ನಂಬಿಸಿ ಕೈಕೊಡುವುದನ್ನು ಸೂಚಿಸುವ ‘ಬಾಗದ್’ ಎಂಬ ಹೀಬ್ರೂ ಪದಗಳು ಅವರ ಬಾಯಲ್ಲಿ ದೇವರ ವಿರುದ್ಧ ಮಾಡಿದ ದ್ರೋಹಕ್ಕೆ ಹೆಸರಾದವು.

ಹೊಶೇಯನ ಮನೆ, ಹೊಶೇಯನ ನಾಡು

ಈ ರೂಪಕವನ್ನು ಮೊದಲು ವಿಸ್ತಾರವಾಗಿ ಬಳಸಿದವನು ಹೊಶೇಯ. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ, ಎರಡನೆಯ ಯಾರೊಬ್ಬಾಮನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಅವನು ಉತ್ತರದ ಇಸ್ರಯೇಲ್ ರಾಜ್ಯದಲ್ಲಿ ಬೋಧಿಸಲಾರಂಭಿಸಿದನು. ಅದು ಸಿರಿವಂತಿಕೆಯ ಕಾಲ. ಆದರೆ ಯಾರೊಬ್ಬಾಮನು ತೀರಿಹೋದ ಮೇಲೆ ಸುಮಾರು 15 ವರ್ಷಗಳಲ್ಲಿ ನಾಲ್ವರು ಅರಸರು ಕೊಲೆಯಾದರು. ಅಸ್ಸೀರಿಯದ ಒಲವು ಗಳಿಸಲು ಮೆನಹೇಮನು ಒಂದು ಸಾವಿರ ತಲಾಂತು ಬೆಳ್ಳಿ ಕೊಟ್ಟನೆಂದು ಅರಸುಗಳ ಎರಡನೆಯ ಗ್ರಂಥ ತಿಳಿಸುತ್ತದೆ. ಕ್ರಿ.ಪೂ. 722ರ ಸುಮಾರಿಗೆ ರಾಜಧಾನಿ ಸಮಾರಿಯ ಅಸ್ಸೀರಿಯರ ವಶವಾಯಿತು.

ಹೊಶೇಯನು ದಿಬ್ಲಯಿಮನ ಮಗಳಾದ ಗೋಮೆರಳನ್ನು ಮದುವೆಯಾದನು. ಹುಟ್ಟಿದ ಮೂವರು ಮಕ್ಕಳಿಗೂ ಸಂದೇಶ ಸಾರುವ ಹೆಸರುಗಳು. ಮೊದಲನೆಯದು ರಕ್ತಪಾತದ ನೆನಪು ತರುವ ಜೆಜ್ರೇಲ್ ಎಂಬ ಊರಿನ ಹೆಸರು. ಎರಡನೆಯದಕ್ಕೆ ಕರುಣೆ ಕಾಣದವಳು, ಮೂರನೆಯದಕ್ಕೆ ನನ್ನ ಜನರಲ್ಲ ಎಂಬ ಅರ್ಥ. 3ನೆಯ ಅಧ್ಯಾಯದಲ್ಲಿ ಪ್ರವಾದಿಯು ಹದಿನೈದು ಬೆಳ್ಳಿ ನಾಣ್ಯಗಳನ್ನೂ ಒಂದಷ್ಟು ಜವೆಗೋಧಿಯನ್ನೂ ತೆತ್ತು ಒಬ್ಬ ಸ್ತ್ರೀಯನ್ನು ಬಿಡಿಸಿ ತರುತ್ತಾನೆ. ಅವಳು ಗೋಮೆರಳೇ ಎಂದು ಬಹುಪಾಲು ವ್ಯಾಖ್ಯಾನಕಾರರ ಅಭಿಪ್ರಾಯ. ದ್ರೋಹವನ್ನು ಅನುಭವಿಸಿದ ಗಂಡನ ನೋವೇ ಇಲ್ಲಿ ದೇವರ ನೋವಿನ ಕನ್ನಡಿಯಾಗಿದೆ.

ಬಾಳ್ ಮತ್ತು ಎರಡು ದೋಣಿಯ ಪ್ರಯಾಣ

ಇಸ್ರಯೇಲರು ಯಾರ ಹಿಂದೆ ಹೋದರು? 1928ರಲ್ಲಿ ಸಿರಿಯದ ಕರಾವಳಿಯಲ್ಲಿ ನೇಗಿಲು ಹೊಡೆಯುತ್ತಿದ್ದ ರೈತನೊಬ್ಬನಿಗೆ ಹಳೆಯ ಸಮಾಧಿಯೊಂದು ಸಿಕ್ಕಿತು. ಮರುವರ್ಷ ಆ ಪ್ರದೇಶದಲ್ಲಿ ಆರಂಭವಾದ ಉತ್ಖನನದಿಂದ ಉಗಾರಿತ್ ಎಂಬ ಪ್ರಾಚೀನ ನಗರ ಬೆಳಕಿಗೆ ಬಂತು. ಅಲ್ಲಿ ದೊರೆತ ಮಣ್ಣಿನ ಫಲಕಗಳು ಬಾಳ್ ದೇವತೆಯನ್ನು ಗುಡುಗು, ಮಳೆ ಮತ್ತು ಬೆಳೆಯ ಒಡೆಯನೆಂದು ಬಣ್ಣಿಸುತ್ತವೆ. ಮಳೆಯನ್ನೇ ನಂಬಿದ ನಾಡಿನಲ್ಲಿ ಅವನ ಆಕರ್ಷಣೆ ಎಷ್ಟಿತ್ತೆಂದು ಊಹಿಸಬಹುದು. ಇನ್ನೊಂದು ಸಂಗತಿಯೂ ಇದೆ. ಹೀಬ್ರೂ ಭಾಷೆಯಲ್ಲಿ ‘ಬಾಳ್’ ಎಂದರೆ ಒಡೆಯ ಮಾತ್ರವಲ್ಲ, ಗಂಡ ಎಂದೂ ಅರ್ಥ. ಹೊಶೇಯನ 2ನೆಯ ಅಧ್ಯಾಯ ಈ ಪದದೊಡನೆಯೇ ಆಡುತ್ತದೆ. ಕಾಳು, ದ್ರಾಕ್ಷಾರಸ, ಎಣ್ಣೆಗಳನ್ನು ಕೊಟ್ಟವರು ತನ್ನ ಪ್ರಿಯಕರರೆಂದು ಹೆಂಡತಿ ಭಾವಿಸಿದ್ದಾಳೆ. ಅವೆಲ್ಲ ಗಂಡನ ಮನೆಯಿಂದಲೇ ಬಂದವು ಎಂಬುದು ಅವಳಿಗೆ ತಿಳಿದಿಲ್ಲ.

ಗಮನಿಸಬೇಕಾದ ಮಾತೆಂದರೆ, ಜನರು ಸರ್ವೇಶ್ವರನನ್ನು ಬಹಿರಂಗವಾಗಿ ತಿರಸ್ಕರಿಸಿರಲಿಲ್ಲ. 1910ರಲ್ಲಿ ಸಮಾರಿಯದಲ್ಲಿ ದೊರೆತ ಬರಹವುಳ್ಳ ಮಡಕೆಚೂರುಗಳಲ್ಲಿ ಸರ್ವೇಶ್ವರನ ಹೆಸರು ಸೇರಿದ ವ್ಯಕ್ತಿನಾಮಗಳೂ ಬಾಳ್ ಎಂಬ ಪದ ಸೇರಿದ ವ್ಯಕ್ತಿನಾಮಗಳೂ ಇವೆ. ಸೀನಾಯಿ ಪ್ರದೇಶದ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ 1975-76ರಲ್ಲಿ ಸಿಕ್ಕ ಜಾಡಿಗಳ ಮೇಲೆ ಸರ್ವೇಶ್ವರನ ಹೆಸರಿನ ಪಕ್ಕದಲ್ಲೇ ಅಶೇರಾ ಎಂಬ ಪದವಿದೆ. ಅದು ದೇವತೆಯೋ, ಪೂಜಾಸ್ತಂಭವೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಒಟ್ಟಿನಲ್ಲಿ ಜನರು ಎರಡು ದೋಣಿಯಲ್ಲಿ ಕಾಲಿಟ್ಟಿದ್ದರು. ಹಬ್ಬಕ್ಕೆ ಸರ್ವೇಶ್ವರ, ಬೆಳೆಗೆ ಬಾಳ್, ರಕ್ಷಣೆಗೆ ಅಸ್ಸೀರಿಯ ಅಥವಾ ಈಜಿಪ್ಟ್! ಪ್ರವಾದಿ ಇದನ್ನೇ ಹಾದರವೆಂದು ಕರೆದನು.

ಹಿಂದಿನ ತಲೆಮಾರಿನ ಬೈಬಲ್ ವ್ಯಾಖ್ಯಾನಗಳು ಬಾಳನ ಗುಡಿಗಳಲ್ಲಿ ವೇಶ್ಯಾವೃತ್ತಿ ಪೂಜೆಯ ಭಾಗವೇ ಆಗಿತ್ತೆಂದು ಬರೆದಿದ್ದವು. ಅದಕ್ಕೆ ಗಟ್ಟಿ ಆಧಾರವಿಲ್ಲವೆಂದು ಇಂದು ಹಲವು ವಿದ್ವಾಂಸರು ಹೇಳುತ್ತಾರೆ.

ಪೂಜೆಯಲ್ಲಷ್ಟೇ ಅಲ್ಲ, ಪೇಟೆಯಲ್ಲೂ ದ್ರೋಹ

ವಿಶ್ವಾಸದ್ರೋಹವೆಂದರೆ ವಿಗ್ರಹಾರಾಧನೆ ಮಾತ್ರ ಎಂದು ತಿಳಿದರೆ ಪ್ರವಾದಿಗಳನ್ನು ಅರ್ಧ ಮಾತ್ರ ಕೇಳಿದಂತೆ. ಹೊಶೇಯನ 4ನೆಯ ಅಧ್ಯಾಯದ ಆರೋಪಪಟ್ಟಿಯಲ್ಲಿ ಸುಳ್ಳಾಣೆ, ಕೊಲೆ, ಕಳವು, ವ್ಯಭಿಚಾರಗಳಿವೆ. ಅಲ್ಲಿ ಪ್ರವಾದಿಯ ಕೋಪ ಹೆಚ್ಚಾಗಿ ತಿರುಗುವುದು ಯಾಜಕರ ಕಡೆಗೆ. ಜನರ ಪಾಪ ಹೆಚ್ಚಿದಷ್ಟೂ ಪಾಪಪರಿಹಾರದ ಕಾಣಿಕೆ ಹೆಚ್ಚುತ್ತದೆ, ಯಾಜಕರ ಊಟವೂ ಹೆಚ್ಚುತ್ತದೆ ಎಂದು ಅವನು ಕುಟುಕುತ್ತಾನೆ. ಯಾಜಕವರ್ಗದವರಾದ ನಾವು ಬೇರೆಯವರಿಗೆ ಬೋಧಿಸುವ ಮುನ್ನ ಓದಿಕೊಳ್ಳಬೇಕಾದ ಅಧ್ಯಾಯವಿದು.

ಯೆಶಾಯನು ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲಿ ಜೆರುಸಲೇಮನ್ನು ವೇಶ್ಯೆಯಾದ ನಗರವೆಂದು ಕರೆಯುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ಅನ್ಯದೇವತೆಯ ಗುಡಿಯಲ್ಲ. ಮುಖಂಡರು ಲಂಚ ತಿನ್ನುತ್ತಾರೆ, ಅನಾಥರಿಗೆ ನ್ಯಾಯ ದೊರಕಿಸುವುದಿಲ್ಲ, ವಿಧವೆಯ ಮೊಕದ್ದಮೆಗೆ ಕಿವಿಗೊಡುವುದಿಲ್ಲ.

ಕ್ರಿ.ಪೂ. 627ರ ಸುಮಾರಿಗೆ ಕರೆ ಪಡೆದ ಯೆರೆಮೀಯನು ಹೊಶೇಯನ ರೂಪಕವನ್ನು ದಕ್ಷಿಣದ ಜುದೇಯಕ್ಕೆ ಅನ್ವಯಿಸಿದನು. ಮರುಭೂಮಿಯ ದಿನಗಳನ್ನು ಅವನು ನವವಧುವಿನ ಪ್ರೀತಿಯ ದಿನಗಳೆಂದು ನೆನೆಯುತ್ತಾನೆ. ಜೀವಜಲದ ಒರತೆಯನ್ನು ಬಿಟ್ಟು, ಬಿರುಕುಬಿಟ್ಟ ತೊಟ್ಟಿಗಳನ್ನು ತೋಡಿಕೊಂಡವರು ಎಂದು ಜನರನ್ನು ಮರುಗಿ ನುಡಿಯುತ್ತಾನೆ. ಯೊಷೀಯ ಅರಸನು ಕ್ರಿ.ಪೂ. 622ರ ಸುಮಾರಿಗೆ ಪೂಜಾಸ್ಥಳಗಳನ್ನು ಶುದ್ಧಗೊಳಿಸಿದ್ದನು. ಆದರೂ 7ನೆಯ ಅಧ್ಯಾಯದಲ್ಲಿ ಯೆರೆಮೀಯನು ದೇವಾಲಯದ ಬಾಗಿಲಲ್ಲೇ ನಿಂತು ಎಚ್ಚರಿಸುತ್ತಾನೆ: ಪರದೇಶಿಯನ್ನೂ ಅನಾಥರನ್ನೂ ವಿಧವೆಯನ್ನೂ ಹಿಂಸಿಸಿ, ಕದ್ದು, ಕೊಂದು, ಬಾಳನಿಗೆ ಧೂಪ ಹಾಕಿ, ಬಳಿಕ ಈ ಆಲಯದಲ್ಲಿ ನಿಂತು ಸುರಕ್ಷಿತರೆಂದುಕೊಳ್ಳುವುದು ವ್ಯರ್ಥ. ಕ್ರಿ.ಪೂ. 587ರ ಸುಮಾರಿಗೆ ಆ ದೇವಾಲಯ ಬಾಬಿಲೋನಿಯರ ಬೆಂಕಿಗೆ ಆಹುತಿಯಾಯಿತು.

ಯೆಜೆಕಿಯೇಲನ 16 ಮತ್ತು 23ನೆಯ ಅಧ್ಯಾಯಗಳು ಅತ್ಯಂತ ಕಠೋರವಾದವು. ಮೊದಲನೆಯದರಲ್ಲಿ ಜೆರುಸಲೇಮ್ ಬಯಲಲ್ಲಿ ಎಸೆಯಲ್ಪಟ್ಟ ಹಸುಗೂಸು. ದೇವರು ಅವಳನ್ನು ಎತ್ತಿ ಬೆಳೆಸಿ, ಕೈಹಿಡಿದು, ಅಲಂಕರಿಸುತ್ತಾರೆ. ಅವಳು ಆ ಒಡವೆಗಳಿಂದಲೇ ವಿಗ್ರಹಗಳನ್ನು ಮಾಡಿಸುತ್ತಾಳೆ. ಎರಡನೆಯದರಲ್ಲಿ ಸಮಾರಿಯ ಮತ್ತು ಜೆರುಸಲೇಮ್ ಎಂಬ ಇಬ್ಬರು ಸಹೋದರಿಯರು ದೊಡ್ಡ ಸಾಮ್ರಾಜ್ಯಗಳ ಸೈನಿಕಬಲಕ್ಕೆ ಮರುಳಾಗುತ್ತಾರೆ. ಸೊದೋಮಿನ ಪಾಪವನ್ನೂ ಯೆಜೆಕಿಯೇಲನು ಸೊಕ್ಕು, ಹೊಟ್ಟೆತುಂಬಿದ ನೆಮ್ಮದಿ, ಬಡವರ ಕೈಹಿಡಿಯದಿರುವಿಕೆ ಎಂದೇ ವಿವರಿಸುತ್ತಾನೆ.

ಈ ಆರೋಪ ಯಾರ ಮೇಲೆ?

ಈ ವಾಕ್ಯಗಳನ್ನು ನೆರೆಮನೆಯ ಅನ್ಯಧರ್ಮೀಯರತ್ತ ಬೆರಳು ತೋರಿಸಲು ಬಳಸುವವರಿದ್ದಾರೆ. ಗ್ರಂಥವು ಅದಕ್ಕೆ ಎಡೆಗೊಡುವುದಿಲ್ಲ. ಮದುವೆಯಾಗದವರ ಮೇಲೆ ದಾಂಪತ್ಯದ್ರೋಹದ ಆರೋಪ ಹೊರಿಸಲಾಗದು. ದೇವರೊಡನೆ ಒಡಂಬಡಿಕೆ ಮಾಡಿಕೊಂಡವರು ಮಾತ್ರ ಅದನ್ನು ಮುರಿಯಬಲ್ಲರು. ಆಮೋಸನ ಗ್ರಂಥದ ಆರಂಭದಲ್ಲಿ ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್‌ಗಳ ಮೇಲಿನ ದೂರುಗಳು ಅವರ ಪೂಜೆಯ ಕುರಿತಲ್ಲ. ಯುದ್ಧದ ಕ್ರೌರ್ಯ, ಸೆರೆಸಿಕ್ಕವರ ಮಾರಾಟದಂಥ ಅಮಾನುಷ ಕೃತ್ಯಗಳ ಕುರಿತು. ಯೆರೆಮೀಯನಂತೂ 2ನೆಯ ಅಧ್ಯಾಯದಲ್ಲಿ, ಸುತ್ತಲಿನ ಜನಾಂಗಗಳು ತಮ್ಮ ದೇವರುಗಳನ್ನು ಬದಲಾಯಿಸಿದ್ದುಂಟೇ, ಹೋಗಿ ನೋಡಿ ಬನ್ನಿರೆಂದು ಸ್ವಜನರನ್ನು ನಾಚಿಸುತ್ತಾನೆ.

ವಿಗ್ರಹ ಮಾಡುವವರನ್ನು ಪರಿಹಾಸ್ಯ ಮಾಡುವ ಭಾಗಗಳು ಯೆಶಾಯನ ಗ್ರಂಥದಲ್ಲಿವೆ, ನಿಜ. ಆದರೆ 44ನೆಯ ಅಧ್ಯಾಯದಂಥ ಆ ಮಾತುಗಳು ಬಾಬಿಲೋನಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಕುಳಿತಿದ್ದ ಸೆರೆಯಾಳುಗಳಿಗೆ ಧೈರ್ಯ ತುಂಬಲು ಆಡಿದವು. ಇತರ ಧರ್ಮಗಳಲ್ಲಿ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ಪ್ರವಾದಿಗಳ ಬೆರಳು ತಮ್ಮ ಮನೆಯತ್ತಲೇ ಇತ್ತು.

ಹೆಂಗಸರ ವಿರುದ್ಧ ಆಯುಧವಲ್ಲ

ಇನ್ನೊಂದು ದುರುಪಯೋಗ ಮನೆಯೊಳಗಿನದು. ಗಂಡನ ಸ್ಥಾನದಲ್ಲಿ ದೇವರು, ತಪ್ಪಿತಸ್ಥೆಯ ಸ್ಥಾನದಲ್ಲಿ ಹೆಂಡತಿ. ಹೀಗಾಗಿ ಗಂಡ ಹೆಂಡತಿಯನ್ನು ದಂಡಿಸಬಹುದು ಎಂಬ ತಪ್ಪು ತೀರ್ಮಾನಕ್ಕೆ ಬರುವವರುಂಟು. ಈ ಅಧ್ಯಾಯಗಳ ಬಗ್ಗೆ ಮುಜುಗರ ಹೊಸತೇನಲ್ಲ. ಯೆಜೆಕಿಯೇಲನ 16ನೆಯ ಅಧ್ಯಾಯವನ್ನು ಸಭಾಮಂದಿರದ ಪ್ರವಾದಿವಾಚನವಾಗಿ ಓದಬಾರದೆಂದು ರಬ್ಬಿ ಎಲಿಯೇಜರ್ ಹೇಳಿದ್ದನ್ನು ಯೆಹೂದ್ಯರ ಮಿಷ್ನಾ ದಾಖಲಿಸಿದೆ. ನಮ್ಮ ಕಾಲದಲ್ಲಿ ರೆನಿಟಾ ವೀಮ್ಸ್ ಎಂಬ ವಿದುಷಿ 1995ರಲ್ಲಿ ಈ ರೂಪಕದ ಹಿಂಸೆಯ ಕುರಿತೇ ಒಂದು ಪುಸ್ತಕ ಬರೆದರು.

ಪ್ರವಾದಿಗಳೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಈ ರೂಪಕದಲ್ಲಿ ಹೆಂಡತಿ ಎಂದರೆ ಇಡೀ ಜನಾಂಗ. ಅದರ ಅರಸರು, ಯಾಜಕರು, ನ್ಯಾಯಾಧೀಶರು ಬಹುತೇಕ ಗಂಡಸರೇ. ಪರರ ತಪ್ಪಿಗೆ ತೀರ್ಪು ಕೊಡುವ ಆ ಗಂಡಸರೇ ಇಲ್ಲಿ ತಪ್ಪಿತಸ್ಥೆಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ. ಹೊಶೇಯನ 4ನೆಯ ಅಧ್ಯಾಯದಲ್ಲಿ, ದಾರಿತಪ್ಪಿದ ಹೆಣ್ಣುಮಕ್ಕಳನ್ನೂ ಸೊಸೆಯರನ್ನೂ ತಾವು ದಂಡಿಸುವುದಿಲ್ಲ, ಏಕೆಂದರೆ ಗಂಡಸರೇ ವೇಶ್ಯೆಯರ ಸಂಗದಲ್ಲಿದ್ದಾರೆ ಎಂದು ದೇವರು ನುಡಿಯುತ್ತಾರೆ. ಸೆರೆಯಿಂದ ಮರಳಿದ ಬಳಿಕ ಬಂದ ಮಲಾಕಿಯನು ರೂಪಕವನ್ನೇ ತಿರುಗಿಸಿಬಿಡುತ್ತಾನೆ. ಅವನ 2ನೆಯ ಅಧ್ಯಾಯದಲ್ಲಿ ದ್ರೋಹಿ ಗಂಡನೇ. ಯೌವನದಲ್ಲಿ ಕೈಹಿಡಿದವಳಿಗೆ ದ್ರೋಹ ಬಗೆದವನು ಬಲಿಪೀಠದ ಮುಂದೆ ಎಷ್ಟು ಕಣ್ಣೀರು ಸುರಿಸಿದರೂ ಅವನ ಕಾಣಿಕೆ ದೇವರಿಗೆ ಸಲ್ಲುವುದಿಲ್ಲ.

ಮರಳುವ ದಾರಿ

ದೇವರನ್ನು ತೊರೆದು ಹೋಗುವುದಕ್ಕೆ ಹೊಶೇಯ ಮತ್ತು ಯೆರೆಮೀಯರು ಬಳಸುವ ಇನ್ನೊಂದು ಪದ ‘ಮೆಶೂವಾ’. ಅದು ‘ಶೂವ್’ ಎಂಬ ಧಾತುವಿನಿಂದ ಬಂದುದು. ಪಶ್ಚಾತ್ತಾಪಪಟ್ಟು ಮರಳುವುದಕ್ಕೂ ಅದೇ ಧಾತು. ಬಿಟ್ಟುಹೋದ ದಾರಿಯಲ್ಲೇ ತಿರುಗಿ ಬರಬಹುದು ಎಂಬ ಭರವಸೆ ಭಾಷೆಯಲ್ಲೇ ಅಡಗಿದೆ.

ಆದರೆ ಈ ಮರಳುವಿಕೆ ಸುಲಭವಲ್ಲ. ವಿಚ್ಛೇದಿತಳಾಗಿ ಮತ್ತೊಬ್ಬನ ಹೆಂಡತಿಯಾದವಳನ್ನು ಮೊದಲ ಗಂಡ ಪುನಃ ಕರೆದುಕೊಳ್ಳಬಾರದೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಯೆರೆಮೀಯನು 3ನೆಯ ಅಧ್ಯಾಯದಲ್ಲಿ ಇದೇ ಕಟ್ಟಳೆಯನ್ನು ನೆನಪಿಸುತ್ತಾನೆ. ಕಾನೂನಿನ ಪ್ರಕಾರ ಬಾಗಿಲು ಮುಚ್ಚಿದೆ. ಆದರೂ ದೇವರು ಅದೇ ಅಧ್ಯಾಯದಲ್ಲಿ ಮರಳಿ ಬಾ ಎಂದು ಕರೆಯುತ್ತಾರೆ. 31ನೆಯ ಅಧ್ಯಾಯದಲ್ಲಿ ಕಲ್ಲಿನ ಮೇಲಲ್ಲ, ಹೃದಯದ ಮೇಲೆ ಬರೆಯುವ ಹೊಸ ಒಡಂಬಡಿಕೆಯ ವಾಗ್ದಾನವಿದೆ. ಯೆಜೆಕಿಯೇಲನ ಆ ಕಠೋರವಾದ 16ನೆಯ ಅಧ್ಯಾಯವೂ ಶಾಶ್ವತ ಒಡಂಬಡಿಕೆಯ ಮಾತಿನೊಂದಿಗೇ ಮುಗಿಯುತ್ತದೆ.

ಸುಂಕದವರ ಜೊತೆ ಊಟ ಮಾಡಿದ್ದಕ್ಕೆ ಆಕ್ಷೇಪಿಸಿದವರಿಗೆ ಪ್ರಭು ಯೇಸು ಹೊಶೇಯನ 6ನೆಯ ಅಧ್ಯಾಯವನ್ನೇ ನೆನಪಿಸಿ, ಬಲಿಗಿಂತ ಕರುಣೆಯನ್ನು ಬಯಸುವ ದೇವರ ಮಾತಿನ ಅರ್ಥ ಕಲಿತು ಬರುವಂತೆ ಹೇಳಿದರೆಂದು ಮತ್ತಾಯನ ಶುಭಸಂದೇಶದ 9ನೆಯ ಅಧ್ಯಾಯ ತಿಳಿಸುತ್ತದೆ. ಆಕ್ಷೇಪಿಸಿದವರು ಧರ್ಮನಿಷ್ಠರೆಂದು ಹೆಸರಾದವರು. ಮುಂದಿನ ತಪಸ್ಸುಕಾಲದಲ್ಲಿ ಹೊಶೇಯನ ವಾಚನ ಕಿವಿಗೆ ಬಿದ್ದಾಗ ಇದನ್ನು ನೆನಪಿಡೋಣ. ಇದು ದೇವಾಲಯದ ಹೊರಗಿದ್ದವರಿಗೆ ಬರೆದ ಪತ್ರವಲ್ಲ. ಒಳಗೆ, ಮುಂದಿನ ಬೆಂಚುಗಳಲ್ಲಿ ಕುಳಿತ ನಮ್ಮನ್ನೇ ಮನೆಗೆ ಮರಳಿ ಬರುವಂತೆ ಕೇಳಿಕೊಳ್ಳುವ ಕರೆ.