ಹತ್ತು ಸೆಂಟಿನ ವಂತಿಗೆ

ಆರೋಗ್ಯ ಸೇವಾಸಂಸ್ಥೆಗಳಿಗೆ ಹಣ ಕೂಡಿಸುವುದು ಸಂಬಳದ ಕಸುಬಾಗಿ ಬೆಳೆದದ್ದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ಹೆಚ್ಚಾಗಿ ಅಮೆರಿಕದಲ್ಲಿ. ಅದಕ್ಕೂ ಮೊದಲು ಆಸ್ಪತ್ರೆಯ ಆಡಳಿತ ಮಂಡಳಿಯವರು ಊರಿನ ನಾಲ್ಕಾರು ಸಿರಿವಂತರ ಮನೆಗೆ ಹೋಗಿ ದತ್ತಿ ಬರೆಸಿಕೊಂಡು ಬರುತ್ತಿದ್ದರು. ಈ ಪದ್ಧತಿಯನ್ನು ಮೊದಲು ಬದಲಿಸಿದವರಲ್ಲಿ ವೈ.ಎಂ.ಸಿ.ಎ.ಯ ಚಾರ್ಲ್ಸ್ ಸಮ್ನರ್ ವಾರ್ಡ್ ಒಬ್ಬ. ಇಷ್ಟೇ ಮೊತ್ತ, ಇಂಥದೇ ದಿನದೊಳಗೆ ಎಂದು ಗಡುವು ಹಾಕಿ, ತಂಡ ಕಟ್ಟಿ, ತಂಡಗಳ ನಡುವೆ ಪೈಪೋಟಿ ಹಚ್ಚಿ, ಬಂದ ಹಣವನ್ನು ದೊಡ್ಡ ಗಡಿಯಾರದ ಫಲಕದಲ್ಲಿ ಊರಿಗೆಲ್ಲ ಕಾಣುವಂತೆ ತೋರಿಸುವ ಕ್ರಮ 1905ರ ವಾಷಿಂಗ್ಟನ್ ಅಭಿಯಾನದಿಂದ ಹೆಸರಾಯಿತು.

ಬಡವರ ಚಿಲ್ಲರೆಯನ್ನೂ ಲೆಕ್ಕಕ್ಕೆ ತಂದದ್ದು ಕ್ಷಯರೋಗದ ಸೀಲು. ಡೆನ್ಮಾರ್ಕ್‌ನ ಅಂಚೆ ನೌಕರ ಐನಾರ್ ಹೋಲ್‌ಬೋಲ್‌ನ ಯೋಜನೆಯಂತೆ 1904ರಲ್ಲಿ ಮೊದಲ ಕ್ರಿಸ್‌ಮಸ್ ಸೀಲು ಹೊರಬಂತು. 1907ರಲ್ಲಿ ಡೆಲವೇರ್‌ನ ಎಮಿಲಿ ಬಿಸೆಲ್ ಒಂದು ಪುಟ್ಟ ಕ್ಷಯ ಚಿಕಿತ್ಸಾಲಯಕ್ಕೆ 300 ಡಾಲರ್ ಬೇಕಾಗಿ ಒಂದು ಸೆಂಟಿಗೊಂದರಂತೆ ಸೀಲು ಮಾರಿದಳು. ಕೂಡಿದ್ದು ಅದರ ಹತ್ತು ಪಟ್ಟು. ಭಾರತದ ಕ್ಷಯರೋಗ ಸಂಘ ಹೊರಡಿಸಿದ, ಶಾಲೆಗಳಲ್ಲಿ ಮಕ್ಕಳು ಕೊಳ್ಳುತ್ತಿದ್ದ ಟಿ.ಬಿ. ಸೀಲುಗಳು ಇದೇ ವಂಶದವು.

ಮೊದಲ ಮಹಾಯುದ್ಧ ಮುಗಿಯುತ್ತಿದ್ದಂತೆ ನಿಧಿ ಸಂಗ್ರಹಕ್ಕೆಂದೇ ಕಂಪನಿಗಳು ಹುಟ್ಟಿಕೊಂಡವು. ಕೂಡಿಸಿದ ಹಣದಲ್ಲಿ ಇಂತಿಷ್ಟು ಪಾಲು ಎಂದು ಕಮಿಷನ್ ಹೊಡೆಯುವವರೂ ಇದ್ದರು. ಈ ಕಸುಬಿನ ಸಲಹೆಗಾರರು 1935ರಲ್ಲಿ ಕಟ್ಟಿಕೊಂಡ ಸಂಘವು ಕಮಿಷನ್ ಬೇಡ, ನಿಗದಿತ ಶುಲ್ಕವೇ ಸರಿ ಎಂಬ ನಿಯಮ ಮಾಡಿತು. ಕೊಟ್ಟ ಕಾಸಿನಲ್ಲಿ ಕೇಳಲು ಬಂದವನಿಗೂ ಪಾಲಿದೆ ಎಂದು ಗೊತ್ತಾದರೆ ಯಾರೂ ಜೇಬಿಗೆ ಕೈಹಾಕುವುದಿಲ್ಲ ಎಂಬುದು ಆ ಹೊತ್ತಿಗೆ ಅವರ ಅನುಭವಕ್ಕೆ ಬಂದಿದ್ದಿರಬೇಕು.

ಈ ಎಲ್ಲ ತಂತ್ರಗಳೂ ಒಂದೆಡೆ ಸೇರಿದ್ದು ಪೋಲಿಯೊ ನಿಧಿಯಲ್ಲಿ. ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಕಾಲುಗಳ ಬಲ ಹೋಯಿತು. ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್ ಎಂಬ ಬಿಸಿನೀರಿನ ಬುಗ್ಗೆಯ ತಾಣದಲ್ಲಿ ಅವನು 1926ರಲ್ಲಿ ಚಿಕಿತ್ಸಾ ಕೇಂದ್ರ ತೆರೆದ. ಅದನ್ನು ನಡೆಸುವ ಹೊಣೆ ಬಿದ್ದದ್ದು ಅವನೊಂದಿಗೆ ವಕೀಲಿ ಮಾಡುತ್ತಿದ್ದ ಬೇಸಿಲ್ ಓಕಾನರ್ ಮೇಲೆ. ಆರ್ಥಿಕ ಕುಸಿತದ ದಿನಗಳಲ್ಲಿ ಸಿರಿವಂತರ ದೇಣಿಗೆ ಬತ್ತಿತು. ಆಗ ಪ್ರಚಾರತಜ್ಞ ಕಾರ್ಲ್ ಬೈಯರ್‌ನ ನೆರವಿನಿಂದ ಆ ಹೊತ್ತಿಗೆ ದೇಶದ ಅಧ್ಯಕ್ಷನಾಗಿದ್ದ ರೂಸ್‌ವೆಲ್ಟ್‌ನ ಹುಟ್ಟುಹಬ್ಬವಾದ ಜನವರಿ 30ರಂದು ಊರೂರಲ್ಲಿ ನೃತ್ಯಕೂಟ ಏರ್ಪಡಿಸಿ ಟಿಕೆಟ್ ಮಾರುವ ಯೋಜನೆ ಸಿದ್ಧವಾಯಿತು. 1934ರ ಮೊದಲ ವರ್ಷವೇ ಹತ್ತು ಲಕ್ಷ ಡಾಲರ್ ದಾಟಿತು. ಆದರೆ ರೂಸ್‌ವೆಲ್ಟ್‌ನ ರಾಜಕೀಯ ವಿರೋಧಿಗಳು ಅವನ ಹುಟ್ಟುಹಬ್ಬಕ್ಕೆ ಯಾಕೆ ಕೊಡಬೇಕು? ಆ ಮುಜುಗರ ತಪ್ಪಿಸಲೆಂದು 1938ರ ಜನವರಿಯಲ್ಲಿ ಪಕ್ಷಾತೀತವಾದ ರಾಷ್ಟ್ರೀಯ ಶಿಶು ಪಾರ್ಶ್ವವಾಯು (ಪೋಲಿಯೊ) ಪ್ರತಿಷ್ಠಾನ ಸ್ಥಾಪನೆಯಾಯಿತು. ಓಕಾನರ್ ಅದರ ಅಧ್ಯಕ್ಷನಾದ.

ಅದೇ ತಿಂಗಳು ಹಾಸ್ಯನಟ ಎಡ್ಡಿ ಕ್ಯಾಂಟರ್ ರೇಡಿಯೋದಲ್ಲಿ ಕರೆ ಕೊಟ್ಟ: ಪ್ರತಿಯೊಬ್ಬರೂ ಒಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯವನ್ನು, ನೇರವಾಗಿ ಶ್ವೇತಭವನಕ್ಕೆ ಅಂಚೆಯಲ್ಲಿ ಕಳಿಸಿ. ‘ಮಾರ್ಚ್ ಆಫ್ ಡೈಮ್ಸ್’ ಎಂಬ ಹೆಸರೂ ಅವನು ಇಟ್ಟದ್ದೇ. ಮೊದಲೆರಡು ದಿನ ವಿಶೇಷವೇನೂ ಆಗಲಿಲ್ಲ. ಆಮೇಲೆ ಚೀಲಗಟ್ಟಲೆ ಬಂದ ಲಕೋಟೆಗಳ ನಡುವೆ ಸರ್ಕಾರಿ ಪತ್ರಗಳನ್ನು ಹುಡುಕುವುದೇ ಶ್ವೇತಭವನದ ಅಂಚೆ ವಿಭಾಗಕ್ಕೆ ಕಷ್ಟವಾಯಿತು. ಬಂದ ಡೈಮ್‌ಗಳ ಎಣಿಕೆ 26,80,000. ಡಾಲರ್ ಲೆಕ್ಕದಲ್ಲಿ 2,68,000. ರೂಸ್‌ವೆಲ್ಟ್ ತೀರಿಕೊಂಡ ಮರುವರ್ಷ, 1946ರಲ್ಲಿ, ಡೈಮ್ ನಾಣ್ಯದ ಮೇಲೆ ಅವನ ಮುಖವನ್ನೇ ಅಚ್ಚುಹಾಕಿದರು.

ನಟನ ಕರೆಗಿಂತ ಹೆಚ್ಚು ಕಾಲ ಬಾಳಿದ್ದು ಓಕಾನರ್ ಕಟ್ಟಿದ ವ್ಯವಸ್ಥೆ. ದೇಶದುದ್ದಕ್ಕೂ ಕೌಂಟಿ ಮಟ್ಟದ ಶಾಖೆಗಳು ಎದ್ದವು. ಕೂಡಿದ ಹಣದಲ್ಲಿ ಅರ್ಧ ಆಯಾ ಶಾಖೆಯಲ್ಲೇ ಉಳಿದು ಅಲ್ಲಿನ ರೋಗಿಗಳ ಆಸ್ಪತ್ರೆ ಖರ್ಚು, ಕಾಲಿನ ಕಬ್ಬಿಣದ ಪಟ್ಟಿ, ಉಸಿರಾಟದ ಯಂತ್ರಗಳಿಗೆ ಹೋಗುತ್ತಿತ್ತು. ಉಳಿದರ್ಧ ಕೇಂದ್ರಕ್ಕೆ ಸೇರಿ ಸಂಶೋಧನೆಗೆ ಬಳಕೆಯಾಗುತ್ತಿತ್ತು. ಕೊಟ್ಟ ಕಾಸು ಪಕ್ಕದ ಬೀದಿಯ ಮಗುವಿಗೆ ಮುಟ್ಟಿದ್ದು ಜನರ ಕಣ್ಣಿಗೇ ಕಾಣುತ್ತಿದ್ದುದರಿಂದ ಮರುವರ್ಷ ಮತ್ತೆ ಕೇಳಲು ಸಂಕೋಚವಿರಲಿಲ್ಲ. ಸಂಬಳದ ನೌಕರರು ಯೋಜನೆ ಹಾಕುತ್ತಿದ್ದರು. ಮನೆ ಬಾಗಿಲಿಗೆ ಹೋಗುತ್ತಿದ್ದವರು ಸ್ವಯಂಸೇವಕರು. ಮಹಿಳಾ ವಿಭಾಗದ ಮುಖ್ಯಸ್ಥೆ ಎಲೇನ್ ವೈಟ್‌ಲಾ ಫ್ಯಾಷನ್ ಪ್ರದರ್ಶನಗಳಿಂದಲೂ ಹಣ ಎತ್ತಿದಳು. 1950ರ ಜನವರಿಯಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ತಾಯಂದಿರ ಮೆರವಣಿಗೆ ಶುರುವಾಯಿತು. ಕೊಡಲು ಮನಸ್ಸಿದ್ದವರು ಸಂಜೆ ಜಗಲಿಯ ದೀಪ ಹಚ್ಚಿಡಬೇಕು. ದೀಪವಿದ್ದ ಮನೆಗೆ ಮಾತ್ರ ತಾಯಂದಿರು ಹೋಗುವರು. ಒಂದೇ ಸಂಜೆಗೆ 44 ಸಾವಿರ ಡಾಲರ್‌ಗೂ ಹೆಚ್ಚು ಬಂತು. ದೀಪ ಹಚ್ಚದ ಮನೆ ಯಾವುದೆಂದು ನೆರೆಹೊರೆಗೆ ತಿಳಿಯುತ್ತಿತ್ತು ಎಂಬುದನ್ನೂ ಇಲ್ಲಿ ಮರೆಯಬಾರದು.

ಈ ಯಶಸ್ಸಿಗೆ ಕೊಂಕುಗಳೂ ಇದ್ದವು. ಪೋಲಿಯೊಗಿಂತ ಎಷ್ಟೋ ಹೆಚ್ಚು ಜನರನ್ನು ಕೊಲ್ಲುತ್ತಿದ್ದ ರೋಗಗಳಿಗೆ ಇಷ್ಟು ಹಣ ಹುಟ್ಟುತ್ತಿರಲಿಲ್ಲ. ಊರುಗೋಲು ಹಿಡಿದ ಮಗುವಿನ ಚಿತ್ರವನ್ನು 1946ರಿಂದ ವರ್ಷಕ್ಕೊಂದರಂತೆ ಪೋಸ್ಟರಿಗೆ ಹಾಕಿ, ತಾಯ್ತಂದೆಯರ ಭಯವನ್ನು ಪ್ರತಿಷ್ಠಾನವೇ ಹಸಿಯಾಗಿಟ್ಟಿತು. ಅಂಗವಿಕಲರ ಹಕ್ಕಿನ ಚಳವಳಿ ಮುಂದೆ ಇಂಥ ಪೋಸ್ಟರುಗಳನ್ನು ಕನಿಕರದ ವ್ಯಾಪಾರವೆಂದು ಜರೆಯಿತು. ಆ ಟೀಕೆಯಲ್ಲಿ ಹುರುಳಿದೆ. ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಕಪ್ಪು ರೋಗಿಗಳಿಗೆ ಪ್ರವೇಶವಿರಲಿಲ್ಲ. ಆಕ್ಷೇಪಗಳು ಎದ್ದ ಮೇಲೆ ಪ್ರತಿಷ್ಠಾನದ ಹಣದಿಂದ 1941ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಅವರಿಗಾಗಿ ಬೇರೆಯೇ ಕೇಂದ್ರ ತೆರೆಯಿತು.

ಹಣದ ಫಲ ಕಂಡದ್ದು ಲಸಿಕೆಯಲ್ಲಿ. 1952ರಲ್ಲಿ ಅಮೆರಿಕದಲ್ಲಿ ಸುಮಾರು 58 ಸಾವಿರ ಪೋಲಿಯೊ ಪ್ರಕರಣಗಳು ವರದಿಯಾದವು. ಪ್ರತಿಷ್ಠಾನದ ಅನುದಾನದಲ್ಲಿ ಪಿಟ್ಸ್‌ಬರ್ಗ್‌ನ ಜೋನಸ್ ಸಾಲ್ಕ್ ಸಿದ್ಧಪಡಿಸಿದ ಲಸಿಕೆಯ ಪ್ರಯೋಗದಲ್ಲಿ 1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡರು. ಫಲಿತಾಂಶ ಬರುವ ಮೊದಲೇ ಓಕಾನರ್ 90 ಲಕ್ಷ ಡಾಲರಿನ ಲಸಿಕೆಗೆ ಬೇಡಿಕೆ ಸಲ್ಲಿಸಿಬಿಟ್ಟಿದ್ದ. ಚಂದಾ ಹಣವನ್ನು ಹೀಗೆ ಪಣಕ್ಕಿಡಲು ಎದೆಗಾರಿಕೆ ಬೇಕು. 1955ರ ಏಪ್ರಿಲ್ 12ರಂದು ಲಸಿಕೆ ಸುರಕ್ಷಿತ, ಪರಿಣಾಮಕಾರಿ ಎಂಬ ಘೋಷಣೆ ಹೊರಬಿತ್ತು.

ಗುರಿ ಮುಟ್ಟಿದ ಸಂಸ್ಥೆ ಬಾಗಿಲು ಹಾಕಬೇಕೇ? ಅಷ್ಟು ದೊಡ್ಡ ಸ್ವಯಂಸೇವಕ ಪಡೆಯನ್ನು ಚದುರಿಸಲು ಓಕಾನರ್‌ಗೆ ಮನಸ್ಸಾಗಲಿಲ್ಲ. 1958ರಲ್ಲಿ ಪ್ರತಿಷ್ಠಾನ ಹುಟ್ಟಿನಿಂದ ಬರುವ ನ್ಯೂನತೆಗಳತ್ತ ತಿರುಗಿತು. ಇಂದಿಗೂ ಮಾರ್ಚ್ ಆಫ್ ಡೈಮ್ಸ್ ಹೆಸರಿನಲ್ಲೇ ತಾಯಿ-ಮಗುವಿನ ಆರೋಗ್ಯಕ್ಕಾಗಿ ದುಡಿಯುತ್ತಿದೆ. ಪೋಲಿಯೊಗಾಗಿ ಹಣ ಕೇಳುವ ಕೆಲಸವನ್ನು 1985ರಲ್ಲಿ ರೋಟರಿ ಸಂಸ್ಥೆ ಜಗತ್ತಿನ ಮಟ್ಟದಲ್ಲಿ ಕೈಗೆತ್ತಿಕೊಂಡಿತು. 12 ಕೋಟಿ ಡಾಲರ್ ಗುರಿಯಿಟ್ಟು 1988ರ ಹೊತ್ತಿಗೆ ಅದು ಕೂಡಿಸಿದ್ದು 24.7 ಕೋಟಿ. ಭಾರತದಲ್ಲಿ ವೈಲ್ಡ್ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಪತ್ತೆಯಾಯಿತು. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು.