ತೆರೆಯ ಮೇಲಿನ ಚಿತೆ, ಪುತ್ತಿಗೆಯ ಬಾಳೆಲೆ

ತುಳುನಾಡಿನ ಪುತ್ತಿಗೆಯ ಕಡೆ ಒಂದು ಮನೆಯಲ್ಲಿ ಸಾವಾಯಿತೆಂದರೆ ನೆರೆಕರೆಯ ಗಂಡಸರು ಕೊಡಲಿ ಹಿಡಿದು ಮಾವಿನ ಮರದ ಬುಡಕ್ಕೆ ಹೋಗುತ್ತಾರೆ. ಒಳಗೆ ತೆಂಗಿನಕಾಯಿ ಒಡೆದು, ಎರಡೂ ಹೋಳುಗಳಲ್ಲಿ ಎಣ್ಣೆ ಬತ್ತಿ ಇಟ್ಟು, ತಲೆಯ ಬಳಿ ಒಂದು, ಕಾಲಿನ ಬಳಿ ಒಂದು ದೀಪ ಹಚ್ಚುತ್ತಾರೆ. ಬಂದವರೆಲ್ಲ ಸರದಿಯಲ್ಲಿ ಬಾಯಿಗೆ ತುಳಸಿ ನೀರು ಬಿಡುತ್ತಾರೆ. ಹಳೆಯ ಮನೆಗಳಿಗೆ ಸುಡುಗಾಡು ಬೇರೆಲ್ಲೋ ಇಲ್ಲ, ಸ್ವಂತ ಜಾಗದ ಒಂದು ಮೂಲೆಯಲ್ಲೇ ಚಿತೆ. ಅತ್ತು ಮುಗಿಯುವ ಮೊದಲೇ ಕೆಲಸ ಶುರುವಾಗಿರುತ್ತದೆ.

ಸಾವು ಅಂದರೆ ಮೊದಲು ಕೆಲಸ, ಆ ಕೆಲಸ ಯಾರದ್ದು ಎಂಬ ಪ್ರಶ್ನೆ. ಕನ್ನಡದ ಒಳ್ಳೆಯ ಸಿನಿಮಾಗಳು ಹಿಡಿದದ್ದು ಇದನ್ನೇ.

ಭಾರತದ ಸಿನಿಮಾ ಹುಟ್ಟಿದ್ದೇ ಸುಡುಗಾಡಿನ ಕಥೆಯೊಂದಿಗೆ. 1913ರಲ್ಲಿ ಫಾಲ್ಕೆಯವರು ಮೊದಲ ಕಥಾಚಿತ್ರಕ್ಕೆ ಆರಿಸಿಕೊಂಡದ್ದು ರಾಜಾ ಹರಿಶ್ಚಂದ್ರನನ್ನು. ತುಳುನಾಡಿನವರಿಗೆ ಆ ಕಥೆ ಹೊಸದಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಮಗನ ಹೆಣ ಹೊತ್ತು ಬರುವ ಚಂದ್ರಮತಿಯನ್ನು ಕಂಡು ಕಣ್ಣೊರೆಸಿಕೊಂಡವರು ಅವರು. 1965ರ ಕನ್ನಡದ ‘ಸತ್ಯ ಹರಿಶ್ಚಂದ್ರ’ದಲ್ಲಿ ಹುಣಸೂರು ಕೃಷ್ಣಮೂರ್ತಿಯವರು ರಾಜ್‌ಕುಮಾರ್ ಕೈಗೆ ಮಸಣದ ಕೋಲು ಕೊಟ್ಟರು, ವೀರಬಾಹುವಾಗಿ ಎಂ.ಪಿ. ಶಂಕರ್, ಚಂದ್ರಮತಿಯಾಗಿ ಪಂಡರೀಬಾಯಿ. ಹೆಣ ಸುಡಲು ಸುಂಕ ಕೇಳುವವನು ಆ ಮಗುವಿನ ಅಪ್ಪನೇ. ಆ ಘಟ್ಟದಲ್ಲಿ ಕಣ್ಣೀರಿಗಿಂತ ಗಟ್ಟಿಯಾಗಿ ನಿಲ್ಲುವುದು ಸುಂಕದ ಮಾತು.

ಐದೇ ವರ್ಷದಲ್ಲಿ ಆ ಮಾತನ್ನು ಇನ್ನಷ್ಟು ಕಠೋರವಾಗಿ ಎತ್ತಿದ್ದು ‘ಸಂಸ್ಕಾರ’. ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ಶೃಂಗೇರಿ ಸೀಮೆಯಲ್ಲಿ ಚಿತ್ರೀಕರಿಸಿದರು. ಆಚಾರ ಮುರಿದು ಬದುಕಿದ ನಾರಣಪ್ಪ ಸಾಯುತ್ತಾನೆ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ಎತ್ತಲು ಯಾರೂ ಮುಂದೆ ಬರುವುದಿಲ್ಲ. ಅವನ ಜೊತೆ ಬಾಳಿದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ತನ್ನ ಒಡವೆ ಬಿಚ್ಚಿಟ್ಟ ಕ್ಷಣದಿಂದ ಹಿಂದೆ ಸರಿದವರೇ ಹಕ್ಕಿನ ಮಾತಾಡತೊಡಗುತ್ತಾರೆ. ಗಿರೀಶ ಕಾರ್ನಾಡರ ಪ್ರಾಣೇಶಾಚಾರ್ಯ ಗ್ರಂಥ ತಿರುವುತ್ತಲೇ ಇರುತ್ತಾರೆ, ಪಿ. ಲಂಕೇಶರ ನಾರಣಪ್ಪ ಸತ್ತ ಮೇಲೂ ಊರನ್ನು ಹಿಡಿದು ಕೂರುತ್ತಾನೆ. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆದ ಈ ಚಿತ್ರವೇ ಮುಂದೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಕೊಳೆಯುವ ಹೆಣವನ್ನು ಹೆಚ್ಚು ತೋರಿಸದೆ, ಅದರ ಸುತ್ತಲಿನವರ ಹಸಿವನ್ನು ತೋರಿಸಿದ್ದು ಇದರ ದೊಡ್ಡ ಗೆಲುವು.

ಇನ್ನು ‘ಘಟಶ್ರಾದ್ಧ’. 1977ರ ಗಿರೀಶ ಕಾಸರವಳ್ಳಿಯವರ ಈ ಮೊದಲ ಕಥಾಚಿತ್ರದಲ್ಲಿ ಹೆಣವೇ ಇಲ್ಲ. ಬಸಿರಾದ ವಿಧವೆ ಯಮುನಕ್ಕ ಉಸಿರಾಡುತ್ತಿರುವಾಗಲೇ ಹೆತ್ತ ತಂದೆ ಮಡಕೆ ಒಡೆದು ಅವಳಿಗೆ ಶ್ರಾದ್ಧ ಮಾಡುತ್ತಾನೆ. ಎಲ್ಲವನ್ನೂ ಕಂಡವನು ಪುಟ್ಟ ಹುಡುಗ ನಾಣಿ. ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕುಳಿತ ಅವಳನ್ನು ಬಿಟ್ಟು ಆ ಹುಡುಗ ಹೊರಟುಹೋಗುವುದಕ್ಕಿಂತ ಕಠಿಣವಾದ ಬೀಳ್ಕೊಡುಗೆ ಕನ್ನಡದ ತೆರೆಯ ಮೇಲೆ ಬಂದಿಲ್ಲ.

ಘಟ್ಟದ ಮೇಲಿನ ಈ ಚಿತ್ರಗಳಿಗೂ ಪುತ್ತಿಗೆಯ ಮಣ್ಣಿಗೂ ಒಂದು ವ್ಯತ್ಯಾಸವಿದೆ. ಉಳ್ಳಾಲದ ಚೌಟರು ರಾಜಧಾನಿ ಮಾಡಿಕೊಂಡಿದ್ದ ಊರಿದು; ಮುಂದೆ ಅವರು ಮೂಡುಬಿದಿರೆಗೆ ಹೋದರು. ಅಲ್ಲಿ ಕೊಡಂಗಲ್ಲಿನ ಜೈನ ಸಮಾಧಿಗಳು ಅಂತಸ್ತಿನ ಮೇಲೆ ಅಂತಸ್ತಾಗಿ ಕಲ್ಲಿನಲ್ಲಿ ನಿಂತಿವೆ. ಅದೇ ಆಕಾರ ಊರಿನ ನೆನಪಿನಲ್ಲಿ ಬಟ್ಟೆ ಬಿದಿರಿನಲ್ಲೂ ಇದೆ: ದೊಡ್ಡ ಮನೆತನದವರು ತೀರಿಕೊಂಡರೆ ಚಿತೆಯ ಜಾಗದಲ್ಲಿ ಅಂತಸ್ತುಗಳ ಅಲಂಕಾರ ಕಟ್ಟಿ ಮಾಡುತ್ತಿದ್ದ ‘ಉಪ್ಪರಿಗೆ ಬೊಜ್ಜ’. ಬೊಜ್ಜವೆಂದರೆ ತುಳುವರ ಉತ್ತರಕ್ರಿಯೆ. ಅದು ಮನೆತನದ ಅಂತಸ್ತಿನ ಲೆಕ್ಕವೂ ಹೌದು.

ಆ ಲೆಕ್ಕ ತಪ್ಪಿದ ಕಾಲದ ಚಿತ್ರ ‘ಸುದ್ದ’. ನಾರಾಯಣ ನಂದಳಿಕೆಯವರ ‘ಬೊಜ್ಜ’ ನಾಟಕದಿಂದ ಪಿ.ಎನ್. ರಾಮಚಂದ್ರ ಮಾಡಿದ ತುಳು ಸಿನಿಮಾ. 2006ರಲ್ಲಿ ದೆಹಲಿಯ ಓಸಿಯನ್ಸ್ ಸಿನೆಫ್ಯಾನ್ ಉತ್ಸವದಲ್ಲಿ ಅತ್ಯುತ್ತಮ ಭಾರತೀಯ ಚಿತ್ರವೆನಿಸಿತು. ಭೂಸುಧಾರಣೆಯ ನಂತರ ಸೊರಗಿದ ಹಳೆಯ ಮನೆಯಲ್ಲಿ ಸಾವು ಬಂದಾಗ, ಹಿಂದಿನ ದರ್ಬಾರಿನ ಬೊಜ್ಜಕ್ಕೆ ದುಡ್ಡೂ ಇಲ್ಲ, ಕರೆದರೆ ಓಡಿಬರುವ ಆಳುಗಳೂ ಇಲ್ಲ. ತುಳು ಚಿತ್ರವೆಂದರೆ ನಗೆಯೆಂದುಕೊಂಡವರು ಇದನ್ನು ಹುಡುಕಿ ನೋಡಬೇಕು.

ಮಂಡ್ಯದ ನೊದೆಕೊಪ್ಪಲಿನ ‘ತಿಥಿ’ಗೆ ಹೆಚ್ಚು ಪರಿಚಯ ಬೇಕಿಲ್ಲ. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ ರಾಮ್ ರೆಡ್ಡಿಯವರ ಚಿತ್ರ. 101ರ ಸೆಂಚುರಿ ಗೌಡ ಸತ್ತಾಗಿನಿಂದ ಹನ್ನೊಂದನೇ ದಿನದ ಬಾಡೂಟದವರೆಗೆ ಮೊಮ್ಮಗ ತಮ್ಮಣ್ಣನಿಗೆ ಜಮೀನಿನ ಚಿಂತೆ. ಬದುಕಿರುವ ಅಪ್ಪ ಗಡ್ಡಪ್ಪನನ್ನೇ ಕಾಗದದಲ್ಲಿ ಸಾಯಿಸುತ್ತಾನೆ.

ಇಷ್ಟೆಲ್ಲ ಚಿತ್ರಗಳಲ್ಲೂ ಕ್ಯಾಮೆರಾ ಚಿತೆಯ ಬಳಿ ಅಥವಾ ಊಟದ ಪಂಕ್ತಿಯಲ್ಲಿ ನಿಲ್ಲುತ್ತದೆ. ತುಳುವರಿಗೆ ಕಥೆ ಅಲ್ಲಿಂದ ಮುಂದೂ ಇದೆ. ಸತ್ತವರು ‘ಕುಲೆ’ಗಳಾಗುತ್ತಾರೆ; ಅವರನ್ನು ಹಿರಿಯರ ಸಾಲಿಗೆ, ‘ಹದಿನಾರರ ಜೊತೆ’, ಸೇರಿಸಿಕೊಳ್ಳಬೇಕು. ಮದುವೆಯಾಗದೆ ಹೋದವರಿಗೆ ಮದುವೆಯೂ ಆಗಬೇಕು. 2022ರ ಜುಲೈಯಲ್ಲಿ ದಕ್ಷಿಣ ಕನ್ನಡದ ಅಂಥ ಒಂದು ಕುಲೆ ಮದುವೆಯ ಸುದ್ದಿ ದೇಶವೆಲ್ಲ ಹರಡಿತು. ಹುಟ್ಟುವಾಗಲೇ ತೀರಿಕೊಂಡು 30 ವರ್ಷವಾಗಿದ್ದ ಇಬ್ಬರು ಮಕ್ಕಳು, ಅವರ ಹೆಸರಿನಲ್ಲಿ ಕುರ್ಚಿಯ ಮೇಲೆ ಸೀರೆ, ಪಂಚೆ. ವಧು ಧಾರೆ ಸೀರೆ ಉಟ್ಟು ಬರಲೆಂದು ಎಲ್ಲರೂ ಕಾದರು. ಆಮೇಲೆ ಊಟಕ್ಕೆ ಕೋಳಿ ಸುಕ್ಕ, ಮೀನು ಹುರಿದದ್ದು. ನೆಂಟರ ನಡುವೆ ಚೇಷ್ಟೆ ಮಾತೂ ಇತ್ತು, ನಿಜದ ಮದುವೆಯಲ್ಲಿ ಇರುವಂತೆಯೇ.

ಆಟಿ ತಿಂಗಳಲ್ಲಿ, ದೀಪಾವಳಿಯಲ್ಲಿ ಈ ಕುಲೆಗಳಿಗೆ ಬಡಿಸುತ್ತಾರೆ. ಬಾಳೆಲೆಗಳು ಸಾಲಾಗಿ ಬೀಳುತ್ತವೆ, ಹೋದವರು ಬದುಕಿದ್ದಾಗ ಇಷ್ಟಪಟ್ಟದ್ದೇ ಅಡುಗೆ. ದೀಪವಿಟ್ಟು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಮನೆಯವರು ಬಾಗಿಲು ಮುಚ್ಚಿ ಹೊರಗೆ ಬಂದು ನಿಲ್ಲುತ್ತಾರೆ. ಮಕ್ಕಳೂ ಮಾತಾಡುವುದಿಲ್ಲ. ಒಳಗಿನವರು ಉಂಡು ಏಳುವಷ್ಟು ಹೊತ್ತು ಕಳೆದ ಮೇಲೆ ಹಿರಿಯರೊಬ್ಬರು ಕೆಮ್ಮಿ, ಬಾಗಿಲನ್ನು ಮೆಲ್ಲಗೆ ತಳ್ಳುತ್ತಾರೆ.